ಖಾರದ ಕೈ

ದೆವ್ವದ ಕಥೆ ಬರೆಯುವುದೂ ಒಂದು ನೌಕರಿ ಎಂದು ನನ್ನ ಮಾವನವರಿಗೆ ಕೊನೆತನಕ ನಂಬಿಕೆ ಬರಲಿಲ್ಲ. ಮಗಳನ್ನು ಕೊಡುವಾಗ ‘ಹುಡುಗ ಪೇಪರಿನಾಗ ಅದಾನ’ ಎಂದು ಊರೆಲ್ಲ ಹೇಳಿದ್ದರು. ಪೇಪರಿನಲ್ಲಿ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸಿಬಿಡುತ್ತಿದ್ದರು. ಹಾವೇರಿಯ ಒಂದು ವಾರಪತ್ರಿಕೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕರಡು ತಿದ್ದಿದೆ, ತೀರಿಕೊಂಡವರ ಫೋಟೋದ ಕೆಳಗೆ ಎರಡು ಸಾಲು ಬರೆದೆ, ಮತ್ತು ಪ್ರತಿ ವಾರ ಏಳನೆಯ ಪುಟಕ್ಕೆ ಒಂದು ಹೆದರಿಕೆಯ ಕಥೆ ಕೊಟ್ಟೆ. ಜನ ನೆನಪಿಟ್ಟುಕೊಂಡಿದ್ದು ಏಳನೆಯ ಪುಟವನ್ನು ಮಾತ್ರ.

ಈಗ ಇದೇ ಕಸುಬಿಗೆ ಮಕ್ಕಳು ಆಸೆಯಿಂದ ಬರುತ್ತಿದ್ದಾರೆ. ಹೋದ ತಿಂಗಳು ರಾಣೇಬೆನ್ನೂರಿನಿಂದ ಇಬ್ಬರು ತರುಣಿಯರು ಮನೆ ಹುಡುಕಿಕೊಂಡು ಬಂದಿದ್ದರು. ಮೊಬೈಲಿನಲ್ಲಿ ದೆವ್ವದ ಕಥೆಗಳನ್ನು ಓದಿ ಕೇಳಿಸುವ ಚಾನೆಲ್ಲು ಅವರದು. “ಸರ್, ಯಾವ ಸೌಂಡ್ ಹಾಕಿದ್ರ ಮಂದಿ ಭಾಳ ಹೆದರತಾರ್ರೀ?” ಎಂದು ಕೇಳಿದರು. ಬಾಗಿಲು ಕಿರುಗುಟ್ಟುವುದು, ನಾಯಿ ಊಳಿಡುವುದು, ಗೆಜ್ಜೆ, ಗಾಳಿ, ಎಲ್ಲ ಅವರ ಬಳಿ ತಯಾರಿದ್ದವು. ನಾನು ಚಹಾ ಕುಡಿಸಿ ಕಳಿಸಿದೆ, ಉತ್ತರ ಕೊಡಲಿಲ್ಲ. ಕೊಡಬೇಕೆಂದರೆ ಬ್ಯಾಡಗಿಯ ವಿಷಯ ಹೇಳಬೇಕಾಗುತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಬರೆಯುವುದಾದರೆ ನಡುವೆ ಪೆನ್ನು ಇಟ್ಟು ಅಂಗಳಕ್ಕೆ ಹೋಗಿ ನಿಂತು ಬರಬಹುದು.

ಮೊದಲು ನನ್ನ ಸಂಪಾದಕರ ಬಗ್ಗೆ ಹೇಳುತ್ತೇನೆ, ಏಕೆಂದರೆ ನನಗೆ ಬಂದ ಅಷ್ಟಿಷ್ಟು ವಿದ್ಯೆ ಅವರದೇ. ಎಲ್ಲರೂ ಅವರನ್ನು ಅಂಗಡಿ ಸರ್ ಎನ್ನುತ್ತಿದ್ದರು. ಕೆಂಪು ಪೆನ್ನು, ಎಲೆ ಅಡಿಕೆ, ಮತ್ತು ಯಾರನ್ನೂ ಹೊಗಳದ ಬಾಯಿ. ನಾನು ಬರೆದ ಮೊಟ್ಟಮೊದಲ ಕಥೆಯಲ್ಲಿ ಅಮಾವಾಸ್ಯೆ ಇತ್ತು, ಹುಣಸೆಮರ ಇತ್ತು, ಬಿಳಿ ಸೀರೆಯ ಹೆಣ್ಣು ಇದ್ದಳು. ಅವಳು ಒಬ್ಬ ಮಾಸ್ತರನ ಬೆನ್ನು ಹತ್ತುತ್ತಾಳೆ. ಅಂಗಡಿ ಸರ್ ಓದಿ ಮುಗಿಸಿ ಕನ್ನಡಕ ತೆಗೆದರು.

“ದಸ್ತಗೀರ, ಈ ಹೆಣ್ಮಗಳು ಈ ಮಾಸ್ತರನ ಹಿಂದ ಯಾಕ ಬೀಳತಾಳ? ಅದ ದಾರಿಗುಂಟ ಮತ್ತ ಹತ್ತು ಮಂದಿ ಅಡ್ಡಾಡತಾರಲ್ಲ.”

“ಆಂವ ಒಬ್ಬನ ಇದ್ದನಲ್ರಿ ಸರ್, ಅದಕ್ಕ.”

“ಒಬ್ಬನ ಇದ್ದರ ನಾಯಿ ಬೆನ್ನ ಹತ್ತತೈತಿ. ದೆವ್ವ ಬೆನ್ನ ಹತ್ತಬೇಕಂದ್ರ ಆಂವ ಆಕಿಗೆ ಏನರೆ ಮಾಡಿರಬೇಕು, ಇಲ್ಲಾ ಮಾಡಬೇಕಾದ್ದು ಮಾಡದ ಬಿಟ್ಟಿರಬೇಕು. ಮದ್ಲ ಅದನ್ನ ಹುಡಿಕ್ಯಾಡು. ಮರ, ಸೀರಿ ಆಮ್ಯಾಲೆ ನೋಡೂಣು.”

ಹಾಳೆಗಳನ್ನು ಮಡಚಿ ನನ್ನ ಕೈಗೇ ಕೊಟ್ಟರು. ಅದರ ಜೊತೆಗೆ ಮೂರು ಕಟ್ಟಳೆಗಳನ್ನೂ ಕೊಟ್ಟರು. ಒಂದು, ರಾತ್ರಿಯ ಕಥೆ ಬರೆಯಬಾರದು; ಕತ್ತಲಾದ ಮೇಲೆ ಎಂಥವನೂ ಹೆದರುತ್ತಾನೆ, ಅದರಲ್ಲಿ ನಿನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಎರಡು, ಮಂದಿಯಿಂದ ಕೇಳಿ ಬರೆದದ್ದಾದರೆ ಹೆಸರು, ಊರು, ಕಸುಬು ಮೂರನ್ನೂ ಬದಲಿಸಬೇಕು. ಮೂರು, ಕಥೆ ಮುಗಿದ ಮೇಲೆ ಅರ್ಥ ಹೇಳಬಾರದು. ಮೂರನೆಯದನ್ನು ನಾನು ಬಹಳ ಸಲ ಮುರಿದೆ, ಅವರು ಅಷ್ಟೇ ಸಲ ಹೊಡೆದು ಹಾಕಿದರು. ಎರಡನೆಯದನ್ನು ಮುರಿದದ್ದು ಒಂದೇ ಸಲ.

ಹೀಗೆ ನಾನು ದೆವ್ವ ಕಂಡವರನ್ನು ಹುಡುಕಿಕೊಂಡು ತಿರುಗಾಡಲು ಶುರು ಮಾಡಿದೆ. ಮೊದಮೊದಲು ‘ಏನ್ ಕಂಡ್ರಿ?’ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಎಲ್ಲರೂ ಸಿನಿಮಾದಲ್ಲಿ ನೋಡಿದ್ದನ್ನೇ ಹೇಳುತ್ತಾರೆ. ನನಗೆ ದಾರಿ ತೋರಿಸಿದವನು ಕರ್ಜಗಿಯ ಪರಸಪ್ಪ, ಅದೂ ಅವನ ಬಾಯಿಂದಲ್ಲ. ಊರ ಹೊರಗೆ ಪಂಕ್ಚರ್ ಹಾಕುವವನೊಬ್ಬ ಹೇಳಿದ: ಪರಸಪ್ಪ ದಿನಾಲೂ ಬೈಕು ತಂದು ನಿಲ್ಲಿಸುತ್ತಾನೆ, ಹಿಂದಿನ ಗಾಲಿಗೆ ಗಾಳಿ ಹಾಕು ಅನ್ನುತ್ತಾನೆ. ಗಾಳಿ ಸರಿಯಾಗಿಯೇ ಇರುತ್ತದೆ. ಟ್ಯೂಬು ಬದಲಿಸಿದರು, ಟೈರು ಬದಲಿಸಿದರು, ಆದರೂ ದಿನಾ ಬರುವುದು ತಪ್ಪಲಿಲ್ಲ.

ಪರಸಪ್ಪನನ್ನು ಹೊಲದಲ್ಲಿ ಹಿಡಿದೆ. ಮಟಮಟ ಮಧ್ಯಾಹ್ನ. ಬಹಳ ಹೊತ್ತು ಹತ್ತಿಯ ರೇಟು ಮಾತಾಡಿದ. ಆಮೇಲೆ ತಾನಾಗಿಯೇ ಹೇಳಿದ: “ಬಸ್‌ಸ್ಟ್ಯಾಂಡ್ ದಾಟೂತನಕಾ ಗಾಡಿ ಹಗರ ಇರತೈತ್ರಿ. ಅಲ್ಲಿಂದ ಮುಂದ ಹಿಂದ ಯಾರೋ ಹತ್ತಿ ಕುಂತಂಗ ಹಿಂದಿನ ಗಾಲಿ ಕುಂದ್ರತೈತಿ. ಹೊಳ್ಳಿ ನೋಡಾಕ ಆಗಂಗಿಲ್ರಿ ನನಗ. ಬೆನ್ನಿಗೆ ಉಸಿರು ಬಡೀತೈತಿ.” ಅವನ ಅಣ್ಣ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು, ಹಾವೇರಿ ದವಾಖಾನೆತನಕ ಬಿಟ್ಟು ಬಾ ಎಂದಿದ್ದ. ಇಬ್ಬರ ನಡುವೆ ಬದುವಿನ ಮಾತಿಗೆ ಮನಸ್ತಾಪವಾಗಿತ್ತು. ಇವನು, ಕೆಲಸ ಐತಿ, ಬಸ್ಸಿಗೆ ಹೋಗು ಎಂದ. ಅಣ್ಣ ಬಸ್ಸಿಗೆ ಕಾಯುತ್ತ ಕೂತಲ್ಲೇ ಹೋಗಿಬಿಟ್ಟ. ಅಂದಿನಿಂದ ತಮ್ಮನ ಗಾಡಿಯ ಮೇಲೆ ಕೂತಿದ್ದಾನೆ.

ನಾನು ಹಾವೇರಿಗೆ ಹೊರಡುವಾಗ ಪರಸಪ್ಪ ಬೈಕಿನ ಮೇಲೆ ಬಿಡುತ್ತೇನೆ ಎಂದ. ಹಿಂದೆ ಕೂರಲು ನನಗೆ ಆಗಲಿಲ್ಲ. ಖರೇ ಹೇಳಬೇಕೆಂದರೆ ಆ ಸೀಟು ಖಾಲಿ ಇದೆ ಎಂದು ನನಗೂ ಅನಿಸಲಿಲ್ಲ. ನಡೆದೇ ಬಸ್‌ಸ್ಟ್ಯಾಂಡಿಗೆ ಹೋದೆ.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. ಏನು ಕಂಡಿರಿ ಎಂದು ಕೇಳುವುದನ್ನು ಬಿಟ್ಟು, ಯಾವ ಕೆಲಸ ಮಾಡುವುದನ್ನು ಬಿಟ್ಟಿದ್ದೀರಿ, ಯಾವುದನ್ನು ಹೊಸದಾಗಿ ಹಿಡಿದಿದ್ದೀರಿ ಎಂದು ಕೇಳತೊಡಗಿದೆ. ಒಬ್ಬರು ಒಂದು ಓಣಿ ಬಿಟ್ಟಿರುತ್ತಾರೆ, ಒಬ್ಬರು ಒಂದು ತಟ್ಟೆಯನ್ನು ಬೋರಲು ಹಾಕಿ ಇಟ್ಟಿರುತ್ತಾರೆ. ಅವರು ಏನನ್ನು ಮಾಡದೆ ಹೋದರೋ ಅದರ ಆಸುಪಾಸಿನಲ್ಲೇ ಹೆದರಿಕೆ ಕೂತಿರುತ್ತದೆ. ಈ ವಿಷಯದಲ್ಲಿ ನಾನು ಬಹಳ ಜಾಣನಾದೆ ಎಂದು ತಿಳಿದುಕೊಂಡಿದ್ದೆ. ಆ ಜಾಣತನ ರಾಣೇಬೆನ್ನೂರಿನಲ್ಲಿ ಇಳಿಯಿತು.

ಅಲ್ಲಿ ಒಬ್ಬ ದರ್ಜಿ ಇದ್ದ. ದೊಡ್ಡ ರಸ್ತೆಗೆ ಹಚ್ಚಿದ ಸಣ್ಣ ಅಂಗಡಿ, ಎರಡು ಹೊಲಿಗೆ ಮಶಿನ್ನು. ಒಂದು ಅವನದು, ಇನ್ನೊಂದು ತೀರಿಕೊಂಡ ಹೆಂಡತಿಯದು. ಹೆಂಡತಿಯ ಮಶಿನ್ನು ಹಾಡಹಗಲಲ್ಲೇ ತಾನಾಗಿ ತುಳಿಯುತ್ತದೆ ಎಂದು ಅವನು ಹೇಳಿಕಳಿಸಿದ್ದ. ಹೋಗಿ ಕೂತೆ. ಬಟ್ಟೆಯ ಧೂಳು, ಇಸ್ತ್ರಿಯ ವಾಸನೆ. ಸುಮಾರು ಅರ್ಧ ತಾಸಿನ ಮೇಲೆ ಆ ಮಶಿನ್ನಿನ ಕಾಲುಹಲಗೆ ಮೆಲ್ಲಗೆ ಕೆಳಗಿಳಿದು ಮೇಲೆದ್ದಿತು. ಗಾಲಿ ಕಾಲುಸುತ್ತು ತಿರುಗಿತು. ಯಾರೂ ಇರಲಿಲ್ಲ. ದರ್ಜಿ ತಲೆ ಎತ್ತಲಿಲ್ಲ, ಗುಂಡಿ ಹಚ್ಚುತ್ತಲೇ ಇದ್ದ, ಆದರೆ ಹಚ್ಚಿದ ಗುಂಡಿಗೇ ಮತ್ತೆ ಮತ್ತೆ ಸೂಜಿ ಹಾಕುತ್ತಿದ್ದ.

“ಲಗೂ ತುಳಿ, ಲಗೂ ತುಳಿ ಅಂತಿದ್ದೆ ಸಾಬ್ರ ಆಕಿಗೆ,” ಎಂದ. “ಹಬ್ಬದ ಗಿರಾಕಿ ಇತ್ತು. ಎದಿ ಯಾಕೋ ಹಿಡದಂಗ ಆಗತೈತಿ ಅಂದ್ಲು. ತುಳಿ ಮೊದ್ಲ ಅಂದೆ.”

ಅಷ್ಟರಲ್ಲಿ ಹೊರಗೆ ಲಾರಿಯೊಂದು ಹೋಯಿತು, ಹಲಗೆ ಮತ್ತೆ ಇಳಿಯಿತು. ಆಗ ನನಗೆ ಹೊಳೆಯಿತು. ಬಗ್ಗಿ ನೋಡಿದರೆ ಮಶಿನ್ನಿನ ಒಂದು ಕಾಲು ನೆಲಕ್ಕೆ ಹತ್ತಿರಲಿಲ್ಲ, ಲಾರಿ ಹೋದಾಗ ನೆಲ ಅದುರಿ ಅದು ತೂಗುತ್ತಿತ್ತು. ಒಂದು ರಟ್ಟಿನ ಚೂರು ಮಡಚಿ ಆ ಕಾಲಿನ ಕೆಳಗೆ ತುರುಕಿದೆ. ಮತ್ತೊಂದು ಲಾರಿ ಬಂತು, ಹೋಯಿತು, ಮಶಿನ್ನು ಮಿಸುಕಲಿಲ್ಲ. ದೊಡ್ಡ ಉಪಕಾರ ಮಾಡಿದವನ ಹಾಗೆ ಕೈ ಕೊಡವಿಕೊಂಡು ಬಂದೆ.

ಎರಡು ವಾರದ ಮೇಲೆ ಅದೇ ರಸ್ತೆಯಲ್ಲಿ ಹೋಗುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಇಳಿದುಹೋಗಿತ್ತು. “ಅದು ಈಗ ತಿರಗೂದಿಲ್ರಿ,” ಎಂದಷ್ಟೇ ಹೇಳಿದ. ಹೆಂಡತಿ ಎರಡನೆಯ ಸಲ ಸತ್ತಿದ್ದಳು, ಈ ಸಲ ನನ್ನ ಕೈಯಿಂದ. ಅವನು ಹೆದರುತ್ತಿದ್ದುದೂ ನಿಜ, ಆ ಹೆದರಿಕೆಯನ್ನು ಬಿಟ್ಟು ಅವನಿಗೆ ಹೆಂಡತಿಯದು ಎನ್ನುವುದು ಬೇರೇನೂ ಉಳಿದಿರಲಿಲ್ಲ ಎಂಬುದೂ ನಿಜ. ರಟ್ಟು ತೆಗೆದುಬಿಡಲೇ ಎಂದು ಕೇಳುವ ಮುಖ ನನಗಿರಲಿಲ್ಲ.

ಇದಾದ ಮೇಲೆ ಪತ್ರಿಕೆಯ ಕೆಲಸವೇ ಬದಲಾಗುತ್ತ ಬಂತು. ಅಚ್ಚಿನ ಮೊಳೆ ಜೋಡಿಸುವುದು ಹೋಯಿತು, ಕಂಪ್ಯೂಟರು ಬಂತು, ಓದುಗರ ಕಾಗದಗಳು ನಿಂತು ವಾಟ್ಸಾಪು ಬಂತು. ಮೊದಲು ಕಥೆ ಬರೆದರೆ ಅದು ಎಷ್ಟು ಜನರಿಗೆ ಮುಟ್ಟಿತು ಎಂದು ತಿಳಿಯಲು ಹದಿನೈದು ದಿನ ಬೇಕಿತ್ತು, ಈಗ ಪತ್ರಿಕೆಯ ಕಟ್ಟು ಬಿಚ್ಚುವುದರೊಳಗೆ ಯಾರೋ ಫೋಟೋ ಹೊಡೆದು ಗ್ರೂಪಿಗೆ ಹಾಕಿರುತ್ತಾರೆ. ಅಂಗಡಿ ಸರ್ ತೀರಿಕೊಂಡರು. ಅವರ ಕೆಂಪು ಪೆನ್ನು ನನ್ನ ಟೇಬಲ್ಲಿಗೆ ಬಂತು, ಆದರೆ ನನ್ನ ಕಥೆಯನ್ನು ತಿದ್ದುವವರು ಯಾರೂ ಉಳಿಯಲಿಲ್ಲ. ಇದನ್ನು ನೆಪವೆಂದು ಹೇಳುತ್ತಿಲ್ಲ, ಆಗ ಹೇಗಿತ್ತು ಎಂದು ಹೇಳುತ್ತಿದ್ದೇನೆ.

ಆ ಹೊತ್ತಿಗೆ ಬ್ಯಾಡಗಿಯಿಂದ ಫಾತಿಮಾಬಿ ಫೋನು ಮಾಡಿದಳು. ಅವಳು ನನ್ನ ಹಳೆಯ ಓದುಗಾರ್ತಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತಿರುತ್ತಾರೆ. ಅವರಲ್ಲಿ ಓದು ಬರುವವಳು ಫಾತಿಮಾಬಿ. ವಾರಕ್ಕೊಮ್ಮೆ ನಮ್ಮ ಪತ್ರಿಕೆ ಬಂದ ದಿನ ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಏಳನೆಯ ಪುಟವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾಳೆ. ಅವಳ ಪಾಲಿನ ಕಾಯಿಯನ್ನು ಉಳಿದವರು ತಮ್ಮ ತಮ್ಮ ಮುಂದಕ್ಕೆ ಎಳೆದುಕೊಂಡು ಬಿಡಿಸಿಕೊಡುತ್ತಾರೆ. ಇದು ಅವರವರಲ್ಲೇ ಆದ ಕರಾರು.

“ಭಾಯಿ, ನಮ್ಮ ಜೋಡಿ ರೇಣವ್ವ ಅಂತ ಒಬ್ಬಾಕಿ ಕುಂದ್ರತಾಳ,” ಎಂದಳು. “ಆಕಿ ಕೂಸು ತೀರಿಕೊಂಡು ಮೂರು ತಿಂಗಳಾತು. ಈಗ ಕೈ ತೊಳಕೊಳ್ಳಾಕ ಹೋದ್ರ ಹೊರಗ ಬರವಲ್ಲಳು. ಕೈ ನೋಡಾಕ ಆಗವಲ್ದು. ನೀವು ಇಂಥಾವರ ಜೋಡಿ ಮಾತಾಡತೀರಲ್ಲ, ಒಮ್ಮಿ ಬರ್ರಿ.”

ಅವಳು ಕರೆದದ್ದು ಸಹಾಯಕ್ಕೆ. ನಾನು ಹೋದದ್ದು ಏತಕ್ಕೆ ಎಂದು ನನಗೆ ಗೊತ್ತಿತ್ತು.

ಮೂರು ಸಲ ಹೋದೆ. ರೇಣವ್ವನಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಗಂಡ ಬಸಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ, ನಾನು ಹೋದಾಗಲೆಲ್ಲ ಚೀಲ ಹೊರಲು ಹೋಗಿರುತ್ತಿದ್ದ. ಮೊದಲ ಸಲ ಅವಳು ಕೈ ಮಾತ್ರ ತೋರಿಸಿದಳು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಎರಡನೆಯ ಸಲ ಧ್ವನಿಯ ವಿಷಯ ಹೇಳಿದಳು. ಆ ಓಣಿಯಲ್ಲಿ ಎಲ್ಲ ಮನೆಯಲ್ಲೂ ಒಂದು ರೂಢಿ ಇದೆ. ತಾಯಂದಿರು ಕಾಯಿ ಬಿಡಿಸಿ ಬಂದ ಕೂಡಲೇ ಮಕ್ಕಳನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಖಾರ ಹತ್ತಿ ಮಕ್ಕಳ ಕಣ್ಣು ಮೈ ಉರಿಯುತ್ತದೆ. ಎಣ್ಣೆ ಹಚ್ಚಿ, ಸಬಕಾರದಿಂದ ಎರಡು ಸಲ ತಿಕ್ಕಿ ತೊಳೆದುಕೊಂಡ ಮೇಲೆಯೇ ಎತ್ತಿಕೊಳ್ಳುವುದು. ಮಕ್ಕಳಿಗೂ ಅದು ಗೊತ್ತು, ಬಾಗಿಲಲ್ಲೇ ನಿಂತು ಕೇಳುತ್ತವೆ: ‘ಯವ್ವಾ, ಕೈ ತೊಳಕೊಂಡೀ?’

“ಈಗೂ ಕೇಳತೈತ್ರಿ ಅಣ್ಣಾರ,” ಎಂದಳು. “ನಾ ಬಚ್ಚಲದಾಗ ಇರತೇನಿ, ಹಿಂದಿನಿಂದ ಕೇಳತೈತಿ. ತೊಳಕೊಂಡೆ ಯವ್ವಾ ಅಂತೇನಿ. ಸುಮ್ಮನಾಗತೈತಿ. ಹೊಳ್ಳಿ ಹೆಜ್ಜಿ ಕಿತ್ತಿಡೂದ್ರಾಗ ಮತ್ತ ಕೇಳತೈತಿ.” ಹೇಳುತ್ತಿರುವಾಗಲೇ ಅವಳ ಕಣ್ಣು ನನ್ನ ಭುಜದ ಮೇಲಿಂದ ಬಾಗಿಲ ಕಡೆಗೆ ಹೋಯಿತು. ನಾನು ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಅದು ನನಗೆ ಗೊತ್ತು, ಆದರೂ ನೋಡಲಿಲ್ಲ.

ಮೂರನೆಯ ಸಲ ಅವಳು ಯಾರಿಗೂ ಹೇಳದ್ದನ್ನು ಹೇಳಿದಳು. ಅವತ್ತು ಕೆಲಸ ಮುಗಿಸಿ ಬಂದಾಗ ಕೂಸು ಬಾಗಿಲ ಹತ್ತಿರ ಚಾಪೆಯ ಮೇಲೆ ಮಲಗಿತ್ತು. ತಾಯಿಯನ್ನು ಕಂಡು ಎರಡೂ ಕೈ ಚಾಚಿತು. ಏನನ್ನೂ ಕೇಳಲಿಲ್ಲ, ಕೈ ಮಾತ್ರ ಚಾಚಿತು. ‘ತಡಿಯವ್ವಾ, ಕೈಗೆ ಖಾರ ಐತಿ’ ಎಂದು ಇವಳು ಒಳಗೆ ಹೋದಳು. ಕೈ ತೊಳೆಯುವಷ್ಟರಲ್ಲಿ ನಳಕ್ಕೆ ನೀರು ಬಂತು. ವಾರಕ್ಕೊಮ್ಮೆ ಬರುವ ನೀರು, ಬಿಡುವಂತಿಲ್ಲ. ಕೊಡ ತುಂಬಿದಳು, ಡ್ರಮ್ಮು ತುಂಬಿದಳು, ಒಲೆ ಹಚ್ಚಿದಳು. ಎಲ್ಲ ಮುಗಿಸಿ ಬಂದು ಮುಟ್ಟಿದಾಗ ಮೈ ಕಾದ ಹಂಚಾಗಿತ್ತು, ಕಣ್ಣು ಮೇಲಾಗಿದ್ದವು. ಮರುದಿನ ದವಾಖಾನೆಯಿಂದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದರು.

“ಮನಿಯವರಿಗೆ ಸುಳ್ಳು ಹೇಳೇನ್ರಿ,” ಎಂದಳು. “ಬಂದ ಕೂಡ್ಲೆ ಎತ್ತಿಕೊಂಡಿದ್ದೆ, ಮೈ ತಣ್ಣಗ ಇತ್ತು, ಒಮ್ಮಿಂದೊಮ್ಮೆಲೆ ಜ್ವರಾ ಬಂತು ಅಂದೇನಿ. ಅವರಿಗೆ ಕೂಸಂದ್ರ ಜೀವಾರಿ.”

ಓದುವವರು ನನ್ನನ್ನು ಬೈದುಕೊಳ್ಳಲಿ. ಆ ಹೆಣ್ಣುಮಗಳು ನೆಲ ನೋಡುತ್ತ ಇದನ್ನು ಹೇಳುವಾಗ ನನ್ನೊಳಗೆ ಒಬ್ಬ ಎದ್ದು ನಿಂತು ‘ಸಿಕ್ಕಿತು’ ಎಂದ. ಮೂವತ್ತು ವರ್ಷ ನಾನು ಹುಡುಕಿದ ಕಥೆ ಅದು. ಬಸ್ಸಿನಲ್ಲಿ ಬರುವಾಗಲೇ ಮೊದಲ ಸಾಲು ಬಂದಿತ್ತು. ಹೆಸರು ಬದಲಿಸಿದೆ, ಬ್ಯಾಡಗಿ ತೆಗೆದು ಇನ್ನೊಂದು ಊರು ಹಾಕಿದೆ. ಕಸುಬು ಬದಲಿಸಲು ಕೂತೆ. ಮೆಣಸಿನಕಾಯಿ ತೆಗೆದರೆ ತಾಯಿ ಮಗುವನ್ನು ಏಕೆ ಮುಟ್ಟಲಿಲ್ಲ ಎಂಬುದೇ ನಿಲ್ಲುತ್ತಿರಲಿಲ್ಲ, ಕಥೆಯೇ ಬಿದ್ದುಹೋಗುತ್ತಿತ್ತು. ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಖಾರವನ್ನು ಹಾಗೇ ಬಿಟ್ಟೆ, ನಳದ ನೀರನ್ನೂ ಬಿಟ್ಟೆ, ‘ಯವ್ವಾ, ಕೈ ತೊಳಕೊಂಡೀ?’ ಎಂಬ ಮಾತನ್ನು ಒಂದಕ್ಷರ ಬದಲಿಸದೆ ಹಾಕಿದೆ. ರೇಣವ್ವನಿಗೆ ಓದು ಬರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಫಾತಿಮಾಬಿ ವಾರವಾರ ಓದುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಥೆ ಚೆನ್ನಾಗಿ ಬಂದಾಗ ಮನುಷ್ಯನಿಗೆ ಗೊತ್ತಿದ್ದದ್ದೂ ಮರೆಯುತ್ತದೆ.

ಪತ್ರಿಕೆ ಹೊರಬಿದ್ದ ದಿನ ಹನ್ನೊಂದು ಗಂಟೆಗೆ ಫಾತಿಮಾಬಿಯ ಫೋನು. ಅವಳ ದನಿ ಗುರುತು ಸಿಗಲಿಲ್ಲ.

“ಭಾಯಿ, ನಾ ಓದಕೋತ ಹೊಂಟಿದ್ದೆ. ಕೈ ಚಾಚಿತು ಅನ್ನೂತನಕಾ ನನಗ ತಿಳೀಲಿಲ್ಲ. ಆಮ್ಯಾಲೆ ನಿಲ್ಲಸಾಕ ಆಗಲಿಲ್ಲ, ಬಾಯಿ ತಾನ ಓದತಿತ್ತು. ಒಬ್ಬರ ಕೈನೂ ಅಳ್ಳಾಡಲಿಲ್ಲ. ಒಬ್ಬರೂ ರೇಣವ್ವನ ಕಡೆ ನೋಡಲಿಲ್ಲ. ಆಕಿ ಎದ್ದಳು, ಉಡ್ಯಾಗಿನ ಕಾಯಿ ಎಲ್ಲಾ ಚೆಲ್ಲಿದ್ವು, ಹಂಗ ಹ್ವಾದಳು. ಏನ್ ಮಾಡಿಬಿಟ್ರಿ ಭಾಯಿ.”

ಹತ್ತು ನಿಮಿಷದಲ್ಲಿ ರೇಣವ್ವನೇ ಯಾರದೋ ಮೊಬೈಲಿನಿಂದ ಮಾಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

“ಅಣ್ಣಾರ, ನಮ್ಮ ಮನಿಯವರು ಚಾದ ಅಂಗಡ್ಯಾಗ ಪೇಪರ್ ಓದತಾರ್ರಿ. ಓದಿದ್ರ ತಿಳೀತೈತಿ.”

“ಹೊಡಿತಾರೇನವಾ?”

“ಇಲ್ರಿ. ಹೊಡದ್ರ ಬೇಸಿತ್ತು. ಅವರು ಸುಮ್ಮನ ಎದ್ದು ಎಲ್ಲಿಗೋ ಹೋಗಿಬಿಡತಾರ. ಆ ಮನಿಯಾಗ ನಾನೂ ಆ ದನಿ ಇಬ್ಬರ ಉಳಿತೇವಿ. ಒಬ್ಬಾಕಿನ ನನಗ ಇರಾಕ ಆಗಂಗಿಲ್ರಿ ಅಣ್ಣಾರ. ನಾ ಬದುಕಂಗಿಲ್ಲ. ಅದನ್ನ ವಾಪಸ್ ತಗೋರಿ.”

ಅಚ್ಚಾದದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಹಾವೇರಿಯಿಂದ ಸಿಕ್ಕ ಗಾಡಿ ಹತ್ತಿ ಬ್ಯಾಡಗಿಗೆ ಓಡಿದೆ. ಬೇರೇನೂ ತೋಚದೆ ಒಂದೊಂದೇ ಚಹಾದಂಗಡಿ ಹೊಕ್ಕು ನಮ್ಮ ಪತ್ರಿಕೆ ಎತ್ತಿಕೊಂಡೆ. ಒಂದು ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನ ಕೈಯಿಂದಲೇ ಕಿತ್ತುಕೊಂಡೆ. ಅವನು ನನ್ನನ್ನು ಹುಚ್ಚ ಎಂದುಕೊಂಡ. ಹುಚ್ಚನೇ ಸರಿ, ನಾನು ಕಿತ್ತುಕೊಳ್ಳುವಾಗ ಅದೇ ಪುಟ ಪಕ್ಕದವನ ಮೊಬೈಲಿನಲ್ಲಿ ಬೆಳಗುತ್ತಿತ್ತು. ಬಗಲಲ್ಲಿ ಪತ್ರಿಕೆಗಳ ಕಟ್ಟು, ಬೆನ್ನೆಲ್ಲ ಬೆವರು, ಪೇಟೆಯ ಗಾಳಿಯಲ್ಲಿ ಖಾರ. ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಪೇಟೆಯ ಗೇಟಿನ ಹತ್ತಿರದ ಅಂಗಡಿಗೆ ಬಂದೆ. ಅಲ್ಲಿ ಬೆಂಚಿನ ಮೇಲೆ ಪತ್ರಿಕೆ ಬಿದ್ದಿತ್ತು. ತೆರೆದು ನೋಡಿದೆ. ಏಳನೆಯ ಪುಟ ಇರಲಿಲ್ಲ. ನೀಟಾಗಿ ಹರಿದು ತೆಗೆದಿದ್ದರು.

“ಯಾರು ಹರದ್ರು ಇದನ್ನ?”

“ಹಮಾಲ ಬಸಪ್ಪ,” ಎಂದ ಅಂಗಡಿಯವನು. “ಓದಕೋತ ಕುಂತಿದ್ದ. ಒಮ್ಮೆಲೆ ಹರಕೊಂಡು ಮನಿ ಕಡೆ ಹ್ವಾದ. ಚಾನೂ ಕುಡೀಲಿಲ್ಲ. ಅರ್ಧಾ ತಾಸಾತ್ರಿ.”

ಮೂವತ್ತು ವರ್ಷ ಜನರನ್ನು ಹೆದರಿಸಿದವನಿಗೆ ಹೆದರಿಕೆ ಅಂದರೆ ಏನು ಎಂದು ಗೊತ್ತಾದದ್ದು ಆ ಬೆಂಚಿನ ಮುಂದೆ. ಅರ್ಧ ತಾಸಿನಲ್ಲಿ ಏನೆಲ್ಲ ಆಗಬಹುದು ಎಂದು ಬರೆದು ಬರೆದು ರೂಢಿಯಾದ ತಲೆ ತಾನಾಗಿ ಒಂದಾದ ಮೇಲೊಂದು ಚಿತ್ರ ತೆಗೆಯುತ್ತಿತ್ತು. ಬಾಗಿಲು ತೆರೆದಿರುತ್ತದೆ, ಗಂಡ ಹೋಗಿರುತ್ತಾನೆ, ಒಳಗೆ ನೀರಿನ ಡ್ರಮ್ಮು. ಇಂಥ ಕಥೆಯನ್ನು ನಾನೇ ಒಮ್ಮೆ ಬರೆದಿದ್ದೆ, ಬಹಳ ಜನ ಮೆಚ್ಚಿಕೊಂಡಿದ್ದರು.

ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಒಂದೂವರೆಯ ಬಿಸಿಲು. ಪ್ರತಿ ಮನೆಯ ಹೊಸ್ತಿಲ ಪಕ್ಕ ಒಂದು ಬಕೀಟು, ಒಂದು ಸಬಕಾರದ ತುಂಡು. ರೇಣವ್ವನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ನೀರು ಸುರಿಯುವ ಸದ್ದು. ಚೊಂಬು ಮುಳುಗುವುದು, ಏಳುವುದು, ಸುರಿಯುವುದು, ಮತ್ತೆ ಮುಳುಗುವುದು. ಬದುಕಿದ್ದಾಳೆ ಎಂದು ಉಸಿರು ಬಿಟ್ಟೆ. ಬಾಗಿಲ ಹಿಂದೆ ಗೋಡೆಗೆ ಆನಿಕೊಂಡು ಬಸಪ್ಪ ಕೂತಿದ್ದ, ಪುಟ ತೊಡೆಯ ಮೇಲಿತ್ತು. ಬಗಲಲ್ಲಿ ಕಟ್ಟು ಹಿಡಿದು ನಿಂತ ನನ್ನನ್ನು ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

“ದಸ್ತಗೀರ ಅಂದ್ರ ನೀವ ಏನ್ರಿ?”

“ಹೌದ್ರಿ.”

“ಕುಂದ್ರಿ. ಇದನ್ನ ಓದ್ರಿ. ನನಗ ಅರ್ಧಕ್ಕ ಕಣ್ಣು ಮುಂದ ಹೋಗವಲ್ದು.”

ನನ್ನ ಕಥೆಯನ್ನು ನಾನೇ ಯಾರ ಮುಂದೆಯೂ ಅಲ್ಲಿಯವರೆಗೆ ಓದಿರಲಿಲ್ಲ. ಓದತೊಡಗಿದೆ. ಚಂದ ಎಂದು ನಾನು ಹೆಮ್ಮೆಪಟ್ಟಿದ್ದ ಒಂದೊಂದು ಸಾಲೂ ನಾಲಿಗೆಗೆ ಅಂಟಿಕೊಂಡಿತು. ‘ಯವ್ವಾ, ಕೈ ತೊಳಕೊಂಡೀ?’ ಎಂಬಲ್ಲಿಗೆ ಬಂದಾಗ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಮುಂದಿನ ಸಾಲನ್ನು ಓದಿದೆ. ಸದ್ದು ಮತ್ತೆ ಶುರುವಾಗಲಿಲ್ಲ. ಓದಿ ಮುಗಿಸಿದೆ. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಚೀಲ ಇಳಿಸಿ ನೇರ ಬಂದಿದ್ದ, ಉಗುರಿನ ಸಂದಿಯೆಲ್ಲ ಕೆಂಪು ಧೂಳು.

“ಇದರಾಗ ಕೂಸು ಅವ್ವನ್ನ ಕರೀತೈತಿ,” ಎಂದ ಕೊನೆಗೆ. “ಅಪ್ಪನ್ನ ಯಾಕ ಕರೆಯಂಗಿಲ್ರಿ?”

“ಅಪ್ಪ ಅವತ್ತು ಮನಿಯಾಗ ಇರಲಿಲ್ಲಲ್ರಿ,” ಎಂದೆ.

“ಇದ್ದ.” ಪುಟವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದ. “ಒಂದು ಗಂಟೇಕ ಬಂದಿದ್ದೆ, ರೊಟ್ಟಿ ತಿನ್ನಾಕ. ಚಾಪಿ ಮ್ಯಾಲೆ ಮಲಗಿತ್ತು. ನನ್ನ ನೋಡಿ ಕೈ ಚಾಚಿತು. ನನ್ನ ಕೈಯಾಗೂ ಖಾರ ಇತ್ತು. ಅವ್ವ ಬರತಾಳ ತಡಿಯವಾ ಅಂದೆ. ರೊಟ್ಟಿ ತಿಂದೆ, ಹ್ವಾದೆ. ಯಾರಿಗೂ ಹೇಳಿಲ್ರಿ. ಆಕಿ ಎತ್ತಿಕೊಂಡಾಗ ಮೈ ತಣ್ಣಗಿತ್ತಂತ, ಅಂದಮ್ಯಾಲ ನಾ ಬಂದಾಗ ಆರಾಮ ಇತ್ತು ಅಂತ ತಿಳಕೊಂಡು ಬದುಕೇನಿ.”

“ನಿಮಗೂ ದನಿ ಕೇಳಸ್ತೈತೇನ್ರಿ?”

“ಇಲ್ರಿ. ಅದ ನನ್ನ ಹೆದರಿಕಿ. ಆಕಿ ಬಚ್ಚಲದಾಗ ನಿಂತು ಅದರ ಜೋಡಿ ಮಾತಾಡೂದು ಕೇಳಸ್ತೈತಿ. ತೊಳಕೊಂಡೆ ಯವ್ವಾ, ತೊಳಕೊಂಡೆ ಅಂತಾಳ. ನಾ ಹೊರಗ ಕುಂತು ಕಾಯತೇನಿ. ನನ್ನ ಕೂಡ ಮಾತಾಡಂಗಿಲ್ಲ ಅದು. ನನ್ನ ಮ್ಯಾಲೆ ಎಷ್ಟು ಸಿಟ್ಟಾಗಿರಬೇಕು ನೋಡ್ರಿ.”

ಬಚ್ಚಲ ಬಾಗಿಲಲ್ಲಿ ರೇಣವ್ವ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನೀವು ಬಂದಾಗ ಮೈ ಬಿಸಿ ಇತ್ತೇನ್ರಿ?” ಎಂದು ಕೇಳಿದಳು.

“ಗೊತ್ತಿಲ್ಲ. ಮುಟ್ಟಲಿಲ್ಲ.”

“ನಾನೂ ಮುಟ್ಟಲಿಲ್ಲ,” ಎಂದಳು.

ಬಸಪ್ಪ ಎದ್ದು ಹೋಗುತ್ತಾನೆ ಎಂದು ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಅವನು ಏಳಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ಅಣ್ಣಾರ, ನಿಮ್ಮ ಕಥ್ಯಾಗ ಎಲ್ಲಾರಿಗೂ ಹೆಸರ ಐತಿ. ಕೂಸಿಗೆ ಇಲ್ಲ.”

ಮೂರು ಸಲ ಆ ಮನೆಗೆ ಬಂದಿದ್ದೆ. ಸಬಕಾರದ ಬಣ್ಣ ಕೇಳಿದ್ದೆ, ನಳದ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದ್ದೆ. ಕೂಸಿನ ಹೆಸರು ಕೇಳಿರಲಿಲ್ಲ. ನನಗೆ ಅದು ಬೇಕಾಗಿರಲಿಲ್ಲ. ಅಷ್ಟು ನಾಚಿಕೆ ನನಗೆ ಈ ಕಸುಬಿನಲ್ಲಿ ಇನ್ನೆಂದೂ ಆಗಿಲ್ಲ, ಅದಾದ ಮೇಲೆ ಏಳನೆಯ ಪುಟಕ್ಕೆ ನಾನು ಒಂದು ಸಾಲನ್ನೂ ಬರೆದಿಲ್ಲ.

“ಸಿಂಚನಾ ಅಂತ್ರಿ,” ಎಂದ ಬಸಪ್ಪ, ಕಣ್ಣು ಮುಚ್ಚಿಕೊಂಡೇ. “ಮಣ್ಣು ಕೊಟ್ಟು ಬಂದಮ್ಯಾಲೆ ಈ ಮನಿಯಾಗ ನಾವಿಬ್ಬರೂ ಆ ಹೆಸರ ಎತ್ತಿಲ್ಲ.” ಆಮೇಲೆ ಮೆಲ್ಲಗೆ ಕರೆದ: “ಸಿಂಚೂ.”

ಮೂವರೂ ಕಿವಿಗೊಟ್ಟೆವು. ರೇಣವ್ವ ಬಾಗಿಲ ಕಡೆ ನೋಡಿದಳು, ನಾನೂ ಈ ಸಲ ತಿರುಗಿ ನೋಡಿದೆ. ಹೊಸ್ತಿಲ ಮೇಲೆ ಬಿಸಿಲಿತ್ತು. ಅವನು ಇನ್ನಷ್ಟು ಗಟ್ಟಿಯಾಗಿ ಕರೆದ, ಓಣಿಯಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ: “ಸಿಂಚೂ, ಏ ಸಿಂಚೂ.” ಯಾರೂ ಓಗೊಡಲಿಲ್ಲ.

“ಇಲ್ಲಲ್ರಿ,” ಎಂದಳು ರೇಣವ್ವ. “ಇಲ್ಲ ಆಕಿ.” ಗಂಡನ ಪಕ್ಕ ಕೂತು ದನಿ ತೆಗೆದು ಅತ್ತಳು. ಕೂಸು ತೀರಿಕೊಂಡ ಮೇಲೆ ಮೊದಲ ಸಲ ಅತ್ತಳು ಎಂದು ಫಾತಿಮಾಬಿ ನನಗೆ ಆಮೇಲೆ ಹೇಳಿದಳು. ಬಸಪ್ಪ ಅವಳ ಎರಡೂ ಕೈಗಳನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಅವನು ಕೈ ತೊಳೆದಿರಲಿಲ್ಲ. ಸುಲಿದ ಚರ್ಮಕ್ಕೆ ಖಾರ ಹತ್ತಿ ಉರಿದಿರಬೇಕು. ಅವಳು ಬಿಡಿಸಿಕೊಳ್ಳಲಿಲ್ಲ.